ಒಂದು ಇಂಚಿನ ದುರ್ಗಪ್ಪ

ಹೊಸದಾಗಿ ಫೋಟೋಗ್ರಫಿಗೆ ಇಳಿದವರು ನನ್ನನ್ನು ಹುಡುಕಿಕೊಂಡು ಬಂದರೆ ಮೊದಲು ಕೇಳುವುದು ಒಂದೇ ಪ್ರಶ್ನೆ: "ಸರ್, ಯಾವ ಕ್ಯಾಮೆರಾ ತೊಗೊಳ್ಳೋಣ್ರಿ?" ನಾನು ಅವರಿಗೆ ಚಹಾ ಕುಡಿಸಿ ಕಳಿಸಿಬಿಡುತ್ತೇನೆ. ಆ ಪ್ರಶ್ನೆಗೆ ಉತ್ತರ ಕ್ಯಾಮೆರಾ ಮಾರುವವನ ಹತ್ತಿರ ಇರುತ್ತದೆ. ನನ್ನ ಹತ್ತಿರ ಇರುವುದು ಕೊಪ್ಪಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಲವತ್ತು ವರ್ಷ ಸ್ಟುಡಿಯೋ ನಡೆಸಿದ ಅನುಭವ, ಅದರಿಂದ ಬಂದ ಸೊಂಟನೋವು, ಸುರುಳಿ ಸುತ್ತಿ ಅಟ್ಟದ ಮೇಲಿಟ್ಟ ಬಣ್ಣದಲ್ಲಿ ಬರೆದ ಒಂಬತ್ತು ಪರದೆಗಳು. ಇವುಗಳಲ್ಲಿ ಯಾವುದೂ ಅವರಿಗೆ ಬೇಕಾಗಿರುವುದಿಲ್ಲ.

ಆದರೂ ಬರೆಯಲು ಕೂತಿದ್ದೇನೆ. ಕಾರಣ, ಎರಡು ವರ್ಷದ ಹಿಂದೆ ಸ್ಟುಡಿಯೋ ಮುಚ್ಚಿದ ಮೇಲೆ ನಾನು ಒಂದು ಫೋಟೋ ತೆಗೆದೆ. ಅದರಲ್ಲಿರುವ ಮನುಷ್ಯ ಒಂದು ಇಂಚು ಎತ್ತರದವನು, ತಾಮ್ರದ ತಂತಿಯಿಂದ ಮಾಡಿದವನು. ಸಾವಿರಾರು ಮದುವೆ, ನಾಮಕರಣ, ಸಾಲಿಮಕ್ಕಳ ಗುಂಪು ಫೋಟೋ ತೆಗೆದವನಿಗೆ ಇದೇನು ಮಹಾ ಅನ್ನಬಹುದು. ಆ ಒಂದು ಇಂಚಿನವನು ನನಗೆ ಮಾಡಿದಷ್ಟು ತ್ರಾಸು ಆರಡಿಯ ಯಾವ ಮನುಷ್ಯನೂ ಮಾಡಿರಲಿಲ್ಲ.

ನಾನು ಕೆಲಸ ಕಲಿತದ್ದು ಗಂಗಾವತಿಯಲ್ಲಿ, ಖಾಸಿಂ ಸಾಹೇಬರ ಹತ್ತಿರ. ಪಿಯುಸಿಯಲ್ಲಿ ಎರಡು ಸಲ ಫೇಲಾದ ಮೇಲೆ ಅಪ್ಪ ನನ್ನನ್ನು ಅವರ ಮುಂದೆ ನಿಲ್ಲಿಸಿ, "ಇವನ ಕೈಯಾಗ ಏನರ ಹಿಡಿಸ್ರಿ" ಅಂತ ಹೇಳಿ ಹೋಗಿದ್ದ. ಸಾಹೇಬರು ಹಿಡಿಸಿದ್ದು ಕ್ಯಾಮೆರಾ ಅಲ್ಲ, ಬ್ರಶ್ಶು. ಅವರು ಮೊದಲು ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು. ಆಮೇಲೆ ಸ್ಟುಡಿಯೋ ತೆಗೆದು, ಅದೇ ಪರದೆಗಳ ಮುಂದೆ ಜನರನ್ನು ನಿಲ್ಲಿಸಿದರು. ತುಂಗಭದ್ರಾ ದಾಟಿ ಹೋಗದ ಮನುಷ್ಯ ಕಾಶ್ಮೀರ ಬರೆದಿದ್ದರು. ಕಾಲುವೆ ಸೀಮೆಯ ಕ್ಯಾಂಪುಗಳಲ್ಲಿ ಬಂದು ನೆಲೆಸಿದ ತೆಲುಗು ರೈತರು ಭತ್ತದ ಕೆಸರು ತೊಳೆದುಕೊಂಡು ಬಂದು, ಹಿಮದ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಂತು ಹೋಗುತ್ತಿದ್ದರು.

ನನಗೆ ಮೊದಲ ಏಟು ಬಿದ್ದದ್ದು ನೆರಳಿನ ವಿಷಯಕ್ಕೆ. ಸಾಹೇಬರು ನಮಾಜಿಗೆ ಹೋದಾಗ ನಾನೇ ಒಂದು ಜೋಡಿಯ ಫೋಟೋ ತೆಗೆದೆ. ಬೇಗ ಆಗಲಿ ಅಂತ ಗಂಡ ಹೆಂಡತಿಯನ್ನು ಪರದೆಗೆ ತಾಗಿಸಿಯೇ ನಿಲ್ಲಿಸಿದೆ. ಪ್ರಿಂಟು ನೋಡಿದ ಸಾಹೇಬರು ನನ್ನ ತಲೆಯ ಹಿಂದೆ ಒಂದು ಕೊಟ್ಟರು.

"ಆಸ್ಮಾನದ ಮ್ಯಾಲ ಮನಷ್ಯಾನ ನೆಳ್ಳು ಬೀಳತೈತೇನೋ? ಬಿದ್ದರ ಅದು ಆಸ್ಮಾನ ಅಲ್ಲಲೇ, ಅರಬಿ!"

ಆಸ್ಮಾನ ಅಂದರೆ ಆಕಾಶ, ಅರಬಿ ಅಂದರೆ ನಮ್ಮ ಕಡೆ ಬಟ್ಟೆ. ಪರದೆಯಿಂದ ಮನುಷ್ಯನನ್ನು ದೂರ ನಿಲ್ಲಿಸಬೇಕು, ಪರದೆಗೆ ಬೇರೆ ದೀಪ, ಮನುಷ್ಯನಿಗೆ ಬೇರೆ ದೀಪ. ಈಗಿನವರು ಇದನ್ನೇ ಮೊಬೈಲಿನಲ್ಲಿ ಅರ್ಧ ತಾಸಿನ ವಿಡಿಯೋ ನೋಡಿ ಕಲಿಯುತ್ತಾರೆ. ನಾನು ಒಂದೇ ಏಟಿಗೆ ಕಲಿತೆ.

ತಪ್ಪುಗಳನ್ನು ಮುಚ್ಚಿಡುವುದಿಲ್ಲ ಅಂತ ನಿಶ್ಚಯ ಮಾಡಿದ್ದೇನೆ, ಆದ್ದರಿಂದ ಕುಷ್ಟಗಿಯ ಮದುವೆಯನ್ನೂ ಹೇಳಿಬಿಡುತ್ತೇನೆ. ಕೊಪ್ಪಳಕ್ಕೆ ಬಂದು ಸ್ವಂತ ಸ್ಟುಡಿಯೋ ತೆಗೆದ ಮೊದಲ ವರ್ಷ. ಅಕ್ಷತೆ ಮುಗಿಯಿತು, ಊಟ ಮುಗಿಯಿತು, ಆಗ ನೋಡುತ್ತೇನೆ, ಕ್ಯಾಮೆರಾದೊಳಗೆ ರೋಲು ತಿರುಗಿಯೇ ಇಲ್ಲ. ಫಿಲ್ಮಿನ ಒಂದೇ ಚೌಕದ ಮೇಲೆ ಇಡೀ ಮದುವೆ ಕೂತಿತ್ತು. ಓಡಿಹೋಗಬೇಕು ಅನಿಸಿತ್ತು, ಬಸ್ಸು ಇರಲಿಲ್ಲ. ಹೋಗಿ ಹೆಣ್ಣಿನ ತಂದೆಯ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ದೊಡ್ಡ ಮನುಷ್ಯ ಮೀಸೆ ತಿರುವಿ, "ಅಕ್ಕಿ ಉಳದಾವು, ನಡೀರಿ, ಇನ್ನೊಮ್ಮಿ ಮಾಡೂಣು" ಅಂದ. ಮಾರನೆಯ ಬೆಳಿಗ್ಗೆ ಮತ್ತೆ ಬಾಸಿಂಗ ಕಟ್ಟಿದರು, ಮತ್ತೆ ಅಕ್ಷತೆ ಹಾಕಿದರು. ಹಿಂದಿನ ದಿನ ಕಣ್ಣೀರಿಟ್ಟಿದ್ದ ಮದುಮಗಳು ಈ ಫೋಟೋಗಳಲ್ಲಿ ಹಲ್ಲು ಕಾಣುವ ಹಾಗೆ ನಗುತ್ತಿದ್ದಾಳೆ. ಆ ಮನೆಯವರು ಈಗಲೂ ನನ್ನನ್ನು ಎರಡು ಸಲ ಮದುವೆ ಮಾಡಿಸಿದ ಬಸಣ್ಣ ಅಂತಲೇ ಕರೆಯುತ್ತಾರೆ.

ಅದು ನಗುವ ತಪ್ಪು. ನಗಲಾಗದ ಒಂದು ತಪ್ಪನ್ನು ನಾನು ವರ್ಷಗಟ್ಟಲೆ ಮಾಡಿದೆ, ಮಾಡುವಾಗ ಅದು ತಪ್ಪು ಅಂತಲೂ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಎಷ್ಟೋ ಮಂದಿ ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸಿಕೊಳ್ಳುತ್ತಿರಲಿಲ್ಲ. ತೀರಿಕೊಂಡ ಮೇಲೆ ಮನೆಯವರು ಬರುತ್ತಿದ್ದರು. ಕೈಯಲ್ಲಿ ಸವೆದ ಗುರುತಿನ ಚೀಟಿ, ಇಲ್ಲವೇ ಯಾರದೋ ಮದುವೆಯ ಗುಂಪು ಫೋಟೋ, ಅದರಲ್ಲಿ ಕಡಲೆಕಾಳಿನಷ್ಟು ಮುಖ. ಅದನ್ನು ದೊಡ್ಡದು ಮಾಡಿ, ಕೆನ್ನೆ ತುಂಬಿಸಿ, ಎರಡೂ ಕಿವಿ ಕಾಣುವ ಹಾಗೆ ತಿದ್ದಿ, ಕೋಟು ಟೈ ಹಾಕಿದ ಒಂದು ಮೈಗೆ ಅಂಟಿಸಿ ಕೊಡುತ್ತಿದ್ದೆವು. ಎಲ್ಲ ಸ್ಟುಡಿಯೋದವರೂ ಹಾಗೇ ಮಾಡುತ್ತಿದ್ದರು. ನನ್ನ ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಮೈ, ಅದು ನನ್ನದೇ. ನನ್ನ ಮದುವೆಯ ಕೋಟು ಹಾಕಿಕೊಂಡು ತೆಗೆಸಿದ್ದು, ನನ್ನ ಬಲಭುಜ ಸ್ವಲ್ಪ ಇಳಿದದ್ದೂ ಹಾಗೇ ಬಂದಿತ್ತು. ಕೊಪ್ಪಳದ ಸುತ್ತಲಿನ ಹಳ್ಳಿಗಳ ಗೋಡೆಗಳ ಮೇಲೆ ನನ್ನ ಭುಜಗಳ ಮೇಲೆ ಎಷ್ಟು ತಲೆಗಳು ಕೂತಿವೆಯೋ ನನಗೂ ಲೆಕ್ಕವಿಲ್ಲ. ಜನ ಖುಷಿಪಟ್ಟುಕೊಂಡೇ ಒಯ್ಯುತ್ತಿದ್ದರು, ಅಥವಾ ನಾನು ಹಾಗೆ ತಿಳಿದಿದ್ದೆ.

ಈಗ ಯಮನಪ್ಪನ ವಿಷಯಕ್ಕೆ ಬರುತ್ತೇನೆ. ಯಮನಪ್ಪ ಗಿಣಿಗೇರಾದವನು, ರೈಲ್ವೆಯಲ್ಲಿ ಗ್ಯಾಂಗ್‌ಮ್ಯಾನ್ ಆಗಿ ಹಳಿ ಕಾಯ್ದು ನಿವೃತ್ತನಾದವನು. ಹೋದ ವರ್ಷ ಬೇಸಿಗೆಯಲ್ಲಿ ಮನೆ ಹುಡುಕಿಕೊಂಡು ಬಂದ.

"ಬಸಣ್ಣಾರ, ನಮ್ಮ ಶೆಡ್ಡಿನಾಗ ಒಂದು ರೈಲು ಐತಿ. ಅದರ ಫೋಟೋ ತೆಗೀಬೇಕ್ರಿ."

"ಶೆಡ್ಡಿನಾಗ ರೈಲು ಹೆಂಗ ಬಂತೋ ಮಾರಾಯ? ದಾರಿ ತಪ್ಪೇತೇನು?" ಅಂದೆ.

ಅವನು ನಗಲಿಲ್ಲ. "ಬಂದು ನೋಡ್ರಿ" ಅಂದ, ಅಷ್ಟೇ.

ಹೋಗಿ ನೋಡಿದೆ. ತಗಡಿನ ಶೆಡ್ಡಿನ ಉದ್ದಕ್ಕೂ ಒಂದು ಮೇಜು, ಅದರ ಮೇಲೆ ಮೀಟರ್ ಗೇಜ್ ಕಾಲದ ಗಿಣಿಗೇರಾ ಕೂತಿತ್ತು. ಸೈಕಲ್ಲಿನ ಕಡ್ಡಿಗಳೇ ಹಳಿ, ಬೇವಿನ ಕಡ್ಡಿ ಸೀಳಿ ಮಾಡಿದ ಸ್ಲೀಪರು, ಜರಡಿ ಹಿಡಿದ ಜಲ್ಲಿ, ನಿಜವಾದ ಎರೆಮಣ್ಣಿನ ಹೊಲ. ಎಣ್ಣೆ ಡಬ್ಬಿಯ ತಗಡಿನಿಂದ ಮಾಡಿದ ಬೋಗಿಗಳನ್ನು ಎಳೆಯುವ ಎಂಜಿನ್ನಿನೊಳಗೆ ಹಳೆಯ ಟೇಪ್‌ರೆಕಾರ್ಡರಿನ ಮೋಟಾರು. ಸಿಗ್ನಲ್ ಕೈಮರದ ರೆಕ್ಕೆ ದಾರ ಎಳೆದರೆ ಬೀಳುತ್ತಿತ್ತು. ನಾನು ಮೇಜಿಗೆ ಎರಡು ಸುತ್ತು ಹಾಕಿದೆ. ಪರದೆ ಬರೆದು ಬದುಕಿದವನಿಗೆ ಇನ್ನೊಬ್ಬ ಕಸುಬುದಾರ ಕಂಡರೆ ಗೊತ್ತಾಗುತ್ತದೆ. ಹೊಟ್ಟೆಕಿಚ್ಚೂ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ.

"ರೈಲು ಇರಲಿ ಬಿಡ್ರಿ. ಇವನ್ನ ನೋಡ್ರಿ" ಅಂತ ಯಮನಪ್ಪ ಬೆರಳು ತೋರಿಸಿದ.

ಹುಲಿಗಿಯ ಕಡೆಗೆ ಹೋಗುವ ಹಳಿಯ ನಡುವೆ ಒಬ್ಬ ಮನುಷ್ಯ ಬಗ್ಗಿ ನಿಂತಿದ್ದ. ತಲೆಗೆ ಸುತ್ತಿದ ಕೆಂಪು ವಲ್ಲಿ ಬಟ್ಟೆ, ಕೈಯಲ್ಲಿ ಗುಂಡುಪಿನ್ನಿನ ಸುತ್ತಿಗೆ.

"ದುರ್ಗಪ್ಪ ಅಂತ್ರಿ. ನಮ್ಮ ಗ್ಯಾಂಗಿನ ಕೀಮ್ಯಾನ್. ದಿನಾ ಒಬ್ಬನ ಹಳಿಗುಂಟ ನಡದು, ಹಳಿ ಹಿಡದ ಕೀಲಿ ಸಡ್ಲಾಗಿದ್ರ ಬಡದು ಗಟ್ಟಿ ಮಾಡಾಂವ. ಜ್ವರ ಬಂದು ನಾಕು ದಿನದಾಗ ಹೋಗಿಬಿಟ್ಟ. ಮೂವತ್ತು ವರ್ಷದ ಮ್ಯಾಲಾತು. ಅವನ ಹೆಂಡ್ತಿ ನಿಂಗಮ್ಮ ಇಲ್ಲೇ ಅದಾಳ, ಮಗಳ ಮನ್ಯಾಗ. ಮೊನ್ನೆ ಕಣ್ಣಿನ ಆಪರೇಶನ್ ಆತು. ಪಟ್ಟಿ ಬಿಚ್ಚಿದ ಮ್ಯಾಲ ನನಗ ಹೇಳಿದಳು, 'ಯಮನಣ್ಣ, ಎಲ್ಲಾ ಛಲೋ ಕಾಣಾಕತ್ತೈತಿ, ಆದ್ರ ಅವರು ಹೆಂಗಿದ್ರು ಅನ್ನೂದ ಮರತು ಹೊಂಟೈತಿ. ಕಣ್ಣು ಮುಚ್ಚಿದ್ರ ಬರವಲ್ಲರು.' ಆಕಿಗೆ ಒಂದು ಫೋಟೋ ಬೇಕ್ರಿ. ದುರ್ಗಪ್ಪ ಕೆಲಸದಾಗ ಇದ್ದದ್ದು. ನಾ ಮನಷ್ಯಾನ್ನ ಮಾಡೀನಿ. ನೀವು ಅವನ್ನ ಖರೇ ಮಾಡಿಕೊಡ್ರಿ."

ಇದಕ್ಕಿಂತ ಸಲೀಸಾದ ಕೆಲಸ ಉಂಟೇ ಅಂದುಕೊಂಡೆ. ಬೊಂಬೆಯನ್ನು ನಿಜ ಮಾಡುವುದೇ ನನ್ನ ಕಸುಬಾಗಿತ್ತಲ್ಲ.

ಸಣ್ಣ ವಸ್ತುವಿನ ಫೋಟೋ ತೆಗೆಯುವ ಕಷ್ಟ ಏನು ಅಂತ ಹೊಸಬರಿಗೆ ಹೇಳುತ್ತೇನೆ. ಒಂದು ಇಂಚಿನ ಮನುಷ್ಯನ ಹತ್ತಿರ ಕ್ಯಾಮೆರಾ ಒಯ್ದರೆ ಅವನ ಮೂಗು ಸ್ಪಷ್ಟವಾದರೆ ಕಿವಿ ಮಸುಕು, ಕಿವಿ ಸ್ಪಷ್ಟವಾದರೆ ಹಿಂದಿನ ಕೈಮರ ಮಸುಕು. ಮಸುಕು ಬಂದ ಕೂಡಲೇ ನೋಡುವವನಿಗೆ ಇದು ಆಟಿಕೆ ಅಂತ ಗೊತ್ತಾಗಿಬಿಡುತ್ತದೆ. ಹಾಗಾಗಿ ಕ್ಯಾಮೆರಾ ಅಲುಗದ ಹಾಗೆ ಇಟ್ಟು, ಹತ್ತಿರದಿಂದ ದೂರದವರೆಗೆ ಸ್ವಲ್ಪ ಸ್ವಲ್ಪವೇ ಫೋಕಸ್ ಸರಿಸುತ್ತ ಇಪ್ಪತ್ತು ಮೂವತ್ತು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಬೇಕು. ಖಾಸಿಂ ಸಾಹೇಬರಿಗೆ ಇದನ್ನು ಹೇಳಿದ್ದರೆ ಜಾದೂ ಅನ್ನುತ್ತಿದ್ದರು. ಇದನ್ನು ನಾನು ಅರವತ್ತು ದಾಟಿದ ಮೇಲೆ ಕಲಿತೆ, ಅದರ ಬಗ್ಗೆ ನನಗೆ ಜಂಬ ಇದೆ.

ಇನ್ನು ಹಿನ್ನೆಲೆ. ಮೇಜಿನ ಹಿಂದೆ ಶೆಡ್ಡಿನ ತಗಡು ಕಂಡರೆ ಎಲ್ಲ ಹಾಳು. ಅಲ್ಲಿ ಗುಡ್ಡ ಬೇಕು, ಆಕಾಶ ಬೇಕು, ಅದೂ ದುರ್ಗಪ್ಪನ ಕಾಲದ ಗುಡ್ಡ. ಯಮನಪ್ಪನನ್ನು ಕರೆದುಕೊಂಡು ನಿಜವಾದ ಹಳಿಯ ಹತ್ತಿರ ಹೋದೆ. ಈಗ ಅಲ್ಲಿ ಗುಡ್ಡಕ್ಕಿಂತ ಮೊದಲು ಕಾಣುವುದು ಕಾರ್ಖಾನೆಯ ಚಿಮಣಿ. "ಅವನ್ನ ತೆಗೀರಿ, ಆ ಕಾಲಕ್ಕ ಅವು ಇದ್ದಿಲ್ಲ" ಅಂದ ಯಮನಪ್ಪ. ಬೆಳಿಗ್ಗೆ ಏಳು ಗಂಟೆಯ ಎಳೆಬಿಸಿಲಿನಲ್ಲಿ ಗುಡ್ಡವನ್ನು ಮೂರು ತುಂಡು ಮಾಡಿ ತೆಗೆದು, ಜೋಡಿಸಿ, ಚಿಮಣಿ ಅಳಿಸಿ, ಆಕಾಶಕ್ಕೆ ಒಂದಿಷ್ಟು ಮೋಡ ಸೇರಿಸಿ, ಫ್ಲೆಕ್ಸ್ ಮೇಲೆ ಪ್ರಿಂಟು ಹಾಕಿಸಿದೆ. ಫ್ಲೆಕ್ಸು ಹೊಳೆಯುತ್ತದೆ, ಹೊಳೆದರೆ ಆಕಾಶ ಪ್ಲಾಸ್ಟಿಕ್ ಅಂತ ಗೊತ್ತಾಗುತ್ತದೆ. ಆದ್ದರಿಂದ ಹೊಳಪಿಲ್ಲದ ಬಣ್ಣವನ್ನು ತೆಳ್ಳಗೆ ಕಲಸಿ, ಹಳೆಯ ಬ್ರಶ್ಶು ಹಿಡಿದು ಮೇಲೆ ಒಂದು ಕೈ ಬಳಿದೆ. ಮೇಜಿನಿಂದ ಒಂದು ಮೊಳ ಹಿಂದಕ್ಕೆ ಕಟ್ಟಿದೆ. ನೆಲವೂ ಫ್ಲೆಕ್ಸೂ ಕೂಡುವ ಗೆರೆ ಕಾಣದ ಹಾಗೆ ಒಣಗಿದ ಜಾಲಿಕಂಟಿಯ ತುದಿಗಳನ್ನು ನೆಟ್ಟೆ. ಸೂರ್ಯನಿಗೆ ಒಂದೇ ದೀಪ ಹಚ್ಚಿದೆ.

ದುರ್ಗಪ್ಪ ಬಗ್ಗಿ ನಿಂತಿದ್ದ, ಅದೂ ಬೆನ್ನು ಮಾಡಿ. ಅದು ನನಗೆ ಸರಿಬರಲಿಲ್ಲ.

"ಯಮನಪ್ಪ, ಇವನ್ನ ನೆಟ್ಟಗ ನಿಲ್ಲಸು. ಮಾರಿ ನಮ್ಮ ಕಡಿಗೆ ಇರಲಿ. ಮಾರಿ ಕಾಣದ ಫೋಟೋ ಒಯ್ದು ಏನ್ ಮಾಡ್ತಾಳ ಆಕಿ?"

ಯಮನಪ್ಪ ಸ್ವಲ್ಪ ಅನುಮಾನಿಸಿದ. ಆಮೇಲೆ ತಂತಿ ಬಗ್ಗಿಸಿ ನೆಟ್ಟಗೆ ಮಾಡಿ, ತಿರುಗಿಸಿ ನಿಲ್ಲಿಸಿದ. ನಾನು ಒಂದು ಕೂದಲಿನ ಬ್ರಶ್ಶಿನಿಂದ ಕಣ್ಣು ಮೀಸೆ ಬರೆದೆ. ಫೋಟೋ ಬಂತು ನೋಡಿ, ಎಷ್ಟು ಚೆನ್ನಾಗಿ ಬಂತು ಅಂದರೆ, ಸ್ನೇಹಿತರಿಗೆ ಕಳಿಸಿದಾಗ ಒಬ್ಬರಿಗೂ ಅದು ಮೇಜಿನ ಮೇಲಿನದು ಅಂತ ಗೊತ್ತಾಗಲಿಲ್ಲ. ಯಲಬುರ್ಗಾದ ಒಬ್ಬ ಹಳೆಯ ಸ್ಟುಡಿಯೋ ಗೆಳೆಯ ಫೋನ್ ಮಾಡಿ, "ಈ ಮೀಟರ್ ಗೇಜ್ ಫೋಟೋ ಇಷ್ಟು ವರ್ಷ ಎಲ್ಲಿ ಮುಚ್ಚಿಟ್ಟಿದ್ದಿ?" ಅಂತ ಬೈದ. ನಾನು ಉಬ್ಬಿಹೋದೆ.

ದೊಡ್ಡದಾಗಿ ಪ್ರಿಂಟು ಹಾಕಿಸಿಕೊಂಡು ನಿಂಗಮ್ಮನ ಮಗಳ ಮನೆಗೆ ಹೋದೆವು. ನಿಂಗಮ್ಮ ತೆಳ್ಳಗಿನ ಹೆಂಗಸು, ಹೊಸ ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಕೂತು ಫೋಟೋ ನೋಡಿದಳು. ನಾವು ಹೊಗಳಿಕೆಗೆ ಕಾಯ್ದೆವು.

"ಛಲೋ ಐತ್ರಿ" ಅಂದಳು. ಮತ್ತೆ ನೋಡಿದಳು. "ಇವರು ಯಾರು?"

"ನಿಮ್ಮ ಯಜಮಾನ್ರು" ಅಂದೆ.

"ಅವರಲ್ಲ ಬಿಡ್ರಿ." ಬೇಸರವಿಲ್ಲದೆ, ಸಿಟ್ಟಿಲ್ಲದೆ ಹೇಳಿದಳು. "ಇದು ಮುಂಜಾನಿ ಬಿಸಲು. ಮುಂಜಾನ್ಯಾಗ ಬುತ್ತಿ ಯಾರು ಒಯ್ತಾರ್ರಿ? ನಾ ಹೋಗೂದ್ರಾಗ ಬಿಸಲು ನೆತ್ತಿ ಮ್ಯಾಲ ಬಂದಿರ್ತಿತ್ತು. ಮುಗಲು ಬೆಳ್ಳಗ ಇರ್ತಿತ್ತು, ಮೋಡಗೀಡ ಇದ್ದಿಲ್ಲ. ಮತ್ತ ಅವರು ಹಿಂಗ ಮಾರಿ ತೋರಿಸಿ ನಿಂತಾವರಲ್ಲ. ನಾ ಬುತ್ತಿ ತೊಗೊಂಡು ಹಳಿಗುಂಟ ಹೋದ್ರ ಅವರು ಮುಂದ ಮುಂದ ಹೊಂಟಿರ್ತಿದ್ರು. ಮನ್ಯಾಗ ಅತ್ತಿ ಮಾವನ ಮುಂದ ತಲಿ ಎತ್ತಿ ಅವರ ಮಾರಿ ನೋಡಿದಾಕಿ ಅಲ್ಲ ನಾನು. ನಾ ಕಣ್ತುಂಬ ನೋಡಿದ್ದು ಅವರ ಬೆನ್ನು."

ಅವಳು ಎದ್ದು ಒಳಗೆ ಹೋಗಿ, ಟ್ರಂಕಿನ ತಳದಿಂದ ಇನ್ನೊಂದು ಫೋಟೋ ತಂದಳು.

"ಅವರು ಹೋದಾಗ ಭಾವಾರು ಮಾಡಿಸಿದ್ರು. ಗ್ವಾಡಿಗೆ ಹಾಕಿದ್ವಿ. ಹೋಗ್ತಾ ಬರ್ತಾ ಇದನ್ನ ನೋಡಿ ನೋಡಿ ಖರೇ ಮಾರಿ ಅಳಿಸಿ ಹೊಂಟಿತ್ರಿ. ಅದಕ್ಕ ತೆಗದಿಟ್ಟೆ. ತಲಿ ಅವರದ, ಮೈ ಯಾರದೋ ಏನೋ."

ಕೋಟು, ಟೈ. ಬಲಭುಜ ಸ್ವಲ್ಪ ಕೆಳಗೆ. ತಿರುಗಿಸಿ ನೋಡುವ ಅಗತ್ಯ ಇರಲಿಲ್ಲ, ಆದರೂ ತಿರುಗಿಸಿದೆ. ಹಿಂದೆ ನನ್ನ ಸ್ಟುಡಿಯೋದ ಮುದ್ರೆ ಇತ್ತು.

"ಮೈ ನಂದವ್ವಾ" ಅಂದೆ.

ನಿಂಗಮ್ಮ ನನ್ನನ್ನು, ಫೋಟೋವನ್ನು, ಮತ್ತೆ ನನ್ನನ್ನು ನೋಡಿದಳು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಮಗಳೂ ನಕ್ಕಳು, ಯಮನಪ್ಪನೂ ನಕ್ಕ. ನಾನೂ ಅವರ ಜೊತೆ ನಕ್ಕೆ, ಆದರೆ ನನಗೆ ಒಳಗೆ ಬಹಳ ನಾಚಿಕೆಯಾಗಿತ್ತು. ಗಂಡನ ಮುಖ ಅವಳಿಗೆ ಮರೆಯುತ್ತಿರುವುದರಲ್ಲಿ ನನ್ನ ಪಾಲೂ ಇತ್ತು, ಈಗ ಎರಡನೆಯ ಸಲ ಅದೇ ಕೆಲಸ ಮಾಡಿಕೊಂಡು ಬಂದಿದ್ದೆ.

ಮತ್ತೆ ಮೊದಲಿನಿಂದ ಶುರುಮಾಡಿದೆ. ನಡುಮಧ್ಯಾಹ್ನ, ತಲೆಗೆ ವಲ್ಲಿ ಸುತ್ತಿಕೊಂಡು ಹೋಗಿ ಅದೇ ಗುಡ್ಡ ತೆಗೆದೆ. ಸ್ಟುಡಿಯೋದವರು ಆ ಬಿಸಿಲಿನಲ್ಲಿ ಕ್ಯಾಮೆರಾ ಹೊರಗೇ ತೆಗೆಯುವುದಿಲ್ಲ. ಕಲ್ಲುಗಳು ಬಣ್ಣಗೆಟ್ಟಿರುತ್ತವೆ, ಆಕಾಶ ಸುಣ್ಣ ಬಳಿದಂತೆ ಇರುತ್ತದೆ, ಎಲ್ಲ ಸಪ್ಪೆ. ಆ ಸಪ್ಪೆಯನ್ನೇ ತಂದು ಕಟ್ಟಿದೆ. ದೀಪವನ್ನು ಶೆಡ್ಡಿನ ಜಂತಿಗೆ, ಮೇಜಿನ ನೆತ್ತಿಯ ಮೇಲೆ ತೂಗುಹಾಕಿದೆ. ಪ್ರತಿಯೊಂದರ ನೆರಳೂ ಅದರದರ ಕಾಲಿನ ಕೆಳಗೆ ಕೂತಿತು. ಯಮನಪ್ಪ ದುರ್ಗಪ್ಪನ ಕಣ್ಣು ಮೀಸೆ ಒರೆಸಿ, ಮೊದಲಿನ ಹಾಗೆ ಬಗ್ಗಿಸಿ, ಬೆನ್ನು ಮಾಡಿ ನಿಲ್ಲಿಸಿದ.

"ನಾ ಮೊದಲ ಹಿಂಗ ಮಾಡಿದ್ದೆ ನೋಡ್ರಿ" ಅಂದ. ಅಷ್ಟು ಅನ್ನುವ ಹಕ್ಕು ಅವನಿಗೆ ಇತ್ತು.

ಈ ಸಲ ನಿಂಗಮ್ಮನನ್ನೂ ಶೆಡ್ಡಿಗೆ ಕರೆಸಿದೆವು. ಅವಳು ಬಾಗಿಲಲ್ಲೇ ನಿಂತು ಇಡೀ ಮೇಜನ್ನು ನೋಡಿದಳು. ಬಾವಿ ಎಲ್ಲಿತ್ತು, ಹುಣಸೆಮರ ಎಲ್ಲಿತ್ತು, ಎಲ್ಲ ಅವಳಿಗೆ ಸಿಕ್ಕಿತು. ನಾನು ನನ್ನ ಕ್ಯಾಮೆರಾ ಇಟ್ಟು, ಅದರ ಪರದೆಯಲ್ಲಿ ಕಾಣುವುದನ್ನು ತೋರಿಸಿದೆ.

"ಇದು ಗುಡ್ಡದ ಮ್ಯಾಲಿಂದ ನೋಡಿದಂಗ ಐತ್ರಿ" ಅಂದಳು. "ನಾ ನೆಲದ ಮ್ಯಾಲ ನಡಕೋತ ಹೋಗಾಕಿ."

ಸರಿಯಾಗಿ ಹೇಳಿದ್ದಳು. ಒಂದು ಇಂಚಿನ ಮನುಷ್ಯರ ಊರಿನಲ್ಲಿ ನಡೆಯುವ ಹೆಂಗಸಿನ ಕಣ್ಣು ನೆಲದಿಂದ ಮುಕ್ಕಾಲು ಇಂಚಿನ ಮೇಲೆ ಇರುತ್ತದೆ. ನನ್ನ ಕ್ಯಾಮೆರಾದ ಮೈಯೇ ಅದಕ್ಕಿಂತ ದಪ್ಪ, ಲೆನ್ಸು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ನೆಲ ಅಗೆದು ಕೂಡಿಸೋಣ ಅಂದರೆ ಯಮನಪ್ಪನ ಹೊಲ ಹಾಳಾಗುತ್ತದೆ. ಅರ್ಧ ತಾಸು ಒದ್ದಾಡಿದೆ. ಕೊನೆಗೆ ಹೊಳೆದದ್ದು ನನ್ನ ಹೆಂಡತಿ ಶಾರದೆಯ ಫೋನು, ಅವತ್ತು ನನ್ನ ಫೋನು ಕೆಟ್ಟದ್ದರಿಂದ ಅದನ್ನೇ ಜೇಬಿನಲ್ಲಿ ಹಾಕಿಕೊಂಡು ಬಂದಿದ್ದೆ. ಫೋನನ್ನು ತಲೆಕೆಳಗು ಮಾಡಿದರೆ ಅದರ ಕಣ್ಣು ಕೆಳಗೆ ಬರುತ್ತದೆ. ಹಿಂದೆ ಆಸರೆ ಕೊಟ್ಟು ಹಳಿಯ ಮೇಲೆ ನಿಲ್ಲಿಸಿದರೆ ಸರಿಯಾಗಿ ಮುಕ್ಕಾಲು ಇಂಚು. ಮದುವೆಮನೆಗಳಲ್ಲಿ ನನ್ನ ಮುಂದೆ ಫೋನು ಹಿಡಿದು ನಿಂತವರನ್ನೆಲ್ಲ ನಲವತ್ತು ವರ್ಷದ ಕಸುಬಿನ ಗತ್ತಿನಲ್ಲಿ ಬೈದವನು ನಾನು. ಶಾರದೆಗೆ ಈ ವಿಷಯ ಹೇಳಿದಾಗ ಅವಳು ಫೋನನ್ನು ಸೆರಗಿನಿಂದ ಒರೆಸಿ ಇಟ್ಟುಕೊಂಡಳು.

ನಿಂಗಮ್ಮ ಮೇಜಿನ ತುದಿಗೆ ಮಣೆ ಹಾಕಿಸಿಕೊಂಡು, ಗದ್ದ ಮೇಜಿಗೆ ತಾಗುವ ಹಾಗೆ ಕೂತಳು. ಕನ್ನಡಕದೊಳಗಿಂದ ಹಳಿಗುಂಟ ನೋಡುತ್ತ ಹೇಳಿದಳು.

"ಇನ್ನ ಹಿಂದಕ್ಕ ಬರ್ರಿ."

ಫೋನು ಹಿಂದಕ್ಕೆ ತಂದೆ.

"ಇನ್ನಾ. ಅಷ್ಟು ಹತ್ರ ಸಿಕ್ತಿದ್ದಿಲ್ಲ ಅವರು."

ದುರ್ಗಪ್ಪ ಸಣ್ಣವನಾದ. ಸ್ಟುಡಿಯೋದಲ್ಲಾದರೆ, ಕಾಸು ಕೊಟ್ಟ ಮನುಷ್ಯ ಇಷ್ಟು ಸಣ್ಣ ಬಂದರೆ ಹೊಡೆದಾಟವೇ ಆಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಅವಳು ಹೇಳಿದಲ್ಲಿ ಇಟ್ಟೆ.

"ಯಮನಣ್ಣ, ಅವರನ್ನ ಎರಡು ಸ್ಲೀಪರ್ ಮುಂದ ಒಯ್ಯಿ. ಎಡಗಾಲು ಮುಂದ. ಹಾಂ."

ನಾನು ತೆಗೆಯಲು ಶುರುಮಾಡಿದೆ. ಒಂದು, ಎರಡು, ಮೂರು, ಫೋಕಸ್ ಸರಿಸುತ್ತ ಹೋಗಬೇಕು, ನಡುವೆ ಏನೂ ಅಲುಗಬಾರದು. "ಯಾರೂ ಮೇಜು ಮುಟ್ಟಬ್ಯಾಡ್ರಿ, ಉಸುರು ಸೈತ ಸಾವಕಾಶ" ಅಂತ ಹೇಳಿದ್ದೆ. ಆರನೆಯದೋ ಏಳನೆಯದೋ ತೆಗೆಯುವಾಗ ಟಿಣ್ ಟಿಣ್ ಅಂತ ಸಪ್ಪಳ ಬಂತು. ನಿಂಗಮ್ಮ ಎರಡು ಬೆರಳಲ್ಲಿ ಒಂದು ಜಲ್ಲಿ ಹರಳು ಹಿಡಿದು ಸೈಕಲ್ ಕಡ್ಡಿಯ ಹಳಿಯನ್ನು ಬಡಿಯುತ್ತಿದ್ದಳು. ಫೋನು ಅಲುಗಿತು. ನನಗೆ ಸಿಟ್ಟು ನೆತ್ತಿಗೇರಿತು, ಬಾಯಿ ತೆರೆದೇಬಿಟ್ಟಿದ್ದೆ. ಯಮನಪ್ಪ ನನ್ನ ತೋಳು ಗಟ್ಟಿಯಾಗಿ ಹಿಡಿದ.

"ಹೆಸರು ಹಿಡದು ಕರಿಯಾಂಗಿಲ್ಲಲ್ರಿ" ಅಂದಳು ನಿಂಗಮ್ಮ, ಕಣ್ಣು ಹಳಿಯ ಮೇಲೆಯೇ ಇಟ್ಟು. "ಒದರಿದ್ರ ಗ್ಯಾಂಗಿನವ್ರು ನಗ್ತಿದ್ರು. ಅದಕ್ಕ ಒಂದು ಕಲ್ಲು ತೊಗೊಂಡು ಹಳಿಗೆ ಎರಡ ಸಲ ಬಡೀತಿದ್ದೆ. ಅಷ್ಟು ದೂರ ಅವರ ಕಾಲಿಗೆ ಗೊತ್ತಾಗ್ತಿತ್ತು."

ಮತ್ತೆ ಎರಡು ಸಲ ಬಡಿದಳು. ಸುಮ್ಮನೆ ಕಾಯ್ದಳು. ನಾವೂ ಕಾಯ್ದೆವು. ಒಂದು ತಂತಿಯ ಮನುಷ್ಯ ತಿರುಗುತ್ತಾನೇನೋ ಅಂತ ನಾವು ಮೂವರು ಮುದುಕರು ಉಸಿರು ಹಿಡಿದು ನೋಡುತ್ತಿದ್ದೆವು. ನಂಬಿ ಬಿಡಿ, ನಾನೂ ನೋಡುತ್ತಿದ್ದೆ.

ಅವಳ ಮುಖದ ಮೇಲೆ ಏನೋ ಆಯಿತು. ಕಣ್ಣು ಮುಚ್ಚಿದಳು. ಮುಚ್ಚಿಕೊಂಡೇ ಹೇಳಿದಳು:

"ಮೊದಲ ಎಡಗಡಿ ಭುಜ ಏಳ್ತಿತ್ತು. ಆಮ್ಯಾಲ ವಲ್ಲಿ ಸರಿಸ್ತಿದ್ರು. ಆಮ್ಯಾಲ ಹೊಳ್ಳಿ ನೋಡ್ತಿದ್ರು. ಮೂಗಿನ ಮ್ಯಾಲ ಬೆವರು, ಹಲ್ಲು ಒಂದು ಮುಕ್ಕಾಗಿತ್ತು. ಬಂದ್ರು ನೋಡ್ರಿ. ಬಂದ್ರು." ಕಣ್ಣು ತೆರೆದಳು. "ಈಗ ತೆಗೀರಿ. ಈಗ ಹೊಳ್ಳಿ ನೋಡ್ತಾರ."

ಯಮನಪ್ಪ ಪಿನ್ನಿನ ತುದಿಯಿಂದ ದುರ್ಗಪ್ಪನ ಎಡಭುಜವನ್ನು ಒಂದು ಕೂದಲೆಳೆಯಷ್ಟು ಮೇಲೆತ್ತಿದ. ನಾನು ಮೊದಲಿನಿಂದ ಮೂವತ್ತು ಫೋಟೋ ತೆಗೆದೆ. ಈ ಸಲ ಫೋನು ಅಲುಗಲಿಲ್ಲ.

ಈ ಫೋಟೋದಲ್ಲಿ ನಮ್ಮ ಕಸುಬಿನ ದೃಷ್ಟಿಯಿಂದ ಹೊಗಳುವಂಥದ್ದು ಏನೂ ಇಲ್ಲ. ಬಿಸಿಲು ಚಪ್ಪಟೆ, ಆಕಾಶ ಬಿಳಿ, ಮನುಷ್ಯ ದೂರ, ಬೆನ್ನು ನಮ್ಮ ಕಡೆಗೆ. ಯಲಬುರ್ಗಾದ ಗೆಳೆಯನಿಗೆ ಕಳಿಸಿದರೆ, "ಯಾವುದೋ ಹಳಿ, ಯಾವನೋ ಗ್ಯಾಂಗ್‌ಮ್ಯಾನು, ಇದರಾಗ ಏನೈತಿ?" ಅಂದ. ಹೊಸಬರಿಗೆ ಮಾತ್ರ ಒಂದು ಹೇಳುತ್ತೇನೆ: ಯಾರಿಗಾಗಿ ಫೋಟೋ ತೆಗೆಯುತ್ತೀರೋ ಅವರು ಎಲ್ಲಿ ನಿಂತು ನೋಡಿದ್ದರು ಅಂತ ಮೊದಲು ಕೇಳಿ, ಆಮೇಲೆ ಕ್ಯಾಮೆರಾ ತೆಗೆಯಿರಿ. ನಾನು ಇದನ್ನು ಕೇಳಲು ಶುರುಮಾಡಿದ್ದು ಅಂಗಡಿ ಮುಚ್ಚಿದ ಮೇಲೆ.

ಪ್ರಿಂಟು ಒಯ್ದು ಕೊಟ್ಟಾಗ ನಿಂಗಮ್ಮ ಬಹಳ ಹೊತ್ತು ನೋಡಲಿಲ್ಲ. ಒಮ್ಮೆ ನೋಡಿ, "ಹೌದ್ರಿ, ಇವರ" ಅಂದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕೋಟಿನ ಫೋಟೋವನ್ನು ನನಗೆ ಮರಳಿ ಕೊಟ್ಟಳು. ನಾನು ಅದನ್ನು ತೆಗೆದುಕೊಂಡೆ.

ಫ್ರೇಮು ಹಾಕಿಸಿಕೊಡುವುದು ನನ್ನ ಜವಾಬ್ದಾರಿ ಅಂತ ಹೇಳಿದೆ. ಫ್ರೇಮಿನ ಅಂಗಡಿಯವರು ಕೇಳುವ ಮಾತು ನನ್ನ ಬಾಯಲ್ಲೂ ತಾನಾಗಿ ಬಂತು: ಗಂಧದ ಹಾರ ಹಾಕಿಸಲೋ, ಮೇಲೆ ಸಣ್ಣ ಕೆಂಪು ದೀಪ ಕೂಡಿಸಲೋ, ತೀರಿಕೊಂಡವರ ಫೋಟೋಕ್ಕೆ ಎಲ್ಲರೂ ಹಾಕಿಸುತ್ತಾರೆ.

ನಿಂಗಮ್ಮ ಫೋಟೋವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಹಾರ ಯಾಕ್ರಿ? ಡ್ಯೂಟಿ ಮ್ಯಾಲ ಅದಾರ. ಇನ್ನಾ ಬುತ್ತಿ ಉಂಡಿಲ್ಲ."